ಮೂಲೆ ಮಳಿಗೆ

ಬ್ಲೇಡಿನ ತುದಿಯಿಂದ ಅವಳು ಹೊಲಿಗೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಮಗಳ ಶಾಲೆಯ ಲಂಗ ಮೊಣಕಾಲಿನ ಮೇಲೇರಿತ್ತು. ಅಂಚು ಬಿಚ್ಚಿ ಎರಡು ಬೆರಳಿನಷ್ಟು ಇಳಿಸಬೇಕಿತ್ತು. ನಾಲ್ಕನೆಯ ಎಳೆಗೆ ಬಟ್ಟೆಯೇ ಸೀಳಿತು.

"ಊರಿನ ಮಳಿಗೆ ಎಲ್ಲ ಹರಾಜು ಹಾಕ್ತೀಯ, ಒಂದು ಅಂಚು ಬಿಚ್ಚೋಕೆ ಬರಲ್ಲ," ಎಂದರು ಅತ್ತೆ, ಪತ್ರಿಕೆಯಿಂದ ತಲೆಯೆತ್ತದೆ. "ಟೈಲರಮ್ಮನ ಹತ್ರ ಕೊಡು ಅಂದ್ರೆ ಒಂದು ತಿಂಗಳಿಂದ ಕಳ್ಳಿ ಥರ ಬೀದಿ ತಪ್ಪಿಸಿ ಓಡಾಡ್ತಿದ್ದೀಯ."

ಅವಳು ಸೀಳಿದ ಕಡೆ ಬೆರಳಿಟ್ಟು ಮುಂದಿನ ಎಳೆಗೆ ಬ್ಲೇಡು ಹಾಕಿದಳು.

ಪುರಸಭೆಯ ಹೊಸ ಮಾರುಕಟ್ಟೆಯ ಹರಾಜಿಗೆ ನಿಯಮ ಬರೆದವಳು ಅವಳೇ. ಮೊದಲೆಲ್ಲ ಮಳಿಗೆಗಳನ್ನು ಒಂದೊಂದಾಗಿ ಕೂಗುತ್ತಿದ್ದರು. ಅಕ್ಕಪಕ್ಕದ ಎರಡು ಬೇಕಾದವನಿಗೆ ಒಂದು ಸಿಕ್ಕಿ ಇನ್ನೊಂದು ಕೈತಪ್ಪಿ ಜಗಳವಾಗುತ್ತಿತ್ತು. ಈ ಸಲ ಎಲ್ಲರೂ ಒಂದೇ ಬಾರಿ ಲಕೋಟೆಯಲ್ಲಿ ಬರೆದುಕೊಡಬೇಕು. ಒಂದು ಮಳಿಗೆಗೂ ಬರೆಯಬಹುದು, ಸಾಲಾಗಿ ನಾಲ್ಕಾರಕ್ಕೂ ಒಟ್ಟಿಗೆ ಬರೆಯಬಹುದು. ಹೇಗೆ ಹಂಚಿದರೆ ಒಟ್ಟು ಬಾಡಿಗೆ ಹೆಚ್ಚೋ ಹಾಗೆ ಹಂಚುವುದು. ಅಧಿಕಾರಿ ಭೇಷ್ ಎಂದಿದ್ದರು.

ಲಕೋಟೆ ಹಾಕುವ ಮುನ್ನಾದಿನ ಟೈಲರಮ್ಮ ಕಚೇರಿಯ ಮೆಟ್ಟಿಲಲ್ಲಿ ಕಾದು ನಿಂತಿದ್ದಳು. "ಕೈಲಾಗೋದನ್ನೆಲ್ಲ ಬರೆದುಬಿಡ್ಲಾ ಅಕ್ಕ, ಸ್ವಲ್ಪ ಹಿಡ್ಕೊಳ್ಲಾ?" ಎಂದು ಕೇಳಿ, ಎಷ್ಟು ಕೈಲಾಗುತ್ತದೆಂದೂ ಹೇಳಿದ್ದಳು. ಟೈಲರಮ್ಮನಿಗೆ ಬೇಕಿದ್ದ ಆ ಮೂಲೆಯ ಪುಟ್ಟ ಮಳಿಗೆಗೆ ಯಾರು ಪೈಪೋಟಿಗೆ ಬಂದಾರು? "ಎಲ್ಲ ಯಾಕೆ ಸುರೀತೀಯ, ಸ್ವಲ್ಪ ಹಿಡ್ಕೋ," ಎಂದಿದ್ದಳು ಇವಳು. ಸಿಬ್ಬಂದಿ ಯಾರಿಗೂ ಸಲಹೆ ಕೊಡಕೂಡದೆಂಬುದೂ ಅವಳೇ ಬರೆದ ನಿಯಮವಾಗಿತ್ತು.

ಮೂಲೆಯೊಂದನ್ನೇ ಕೇಳಿ ಬೇರೆ ಯಾರೂ ಬರಲಿಲ್ಲ. ಮಂಚ, ಕಪಾಟು ಮಾರುವ ಸಾಹುಕಾರ ಆ ಸಾಲಿನ ಆರನ್ನೂ ಸೇರಿಸಿ ಬರೆದಿದ್ದ. ಒಂದೊಂದಕ್ಕೆ ಬರೆದ, ಟೈಲರಮ್ಮನೂ ಸೇರಿ ಆರು ಜನ ಸಣ್ಣ ವ್ಯಾಪಾರಿಗಳದ್ದು ಕೂಡಿದರೂ ಅವನದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ, ಸಾಲು ಪೂರ್ತಿ ಅವನ ಪಾಲಾಯಿತು. ಟೈಲರಮ್ಮ ಹಿಡಿದುಕೊಂಡದ್ದನ್ನು ಸೇರಿಸಿದ್ದರೆ ಆರೂ ಜನ ಉಳಿಯುತ್ತಿದ್ದರು. ಅವಳು ಮೂರು ಸಲ ಕೂಡಿ ನೋಡಿ, ಕಂಪ್ಯೂಟರ್ ಮುಚ್ಚಿದ್ದಳು.

"ಹೊಲಿಗೆ ಏನಾದ್ರೂ ಇದೆಯಾ?"

ಬಾಗಿಲಲ್ಲಿ ಚೀಲ ಹೊತ್ತ ಟೈಲರಮ್ಮ. ಬ್ಲೇಡು ಕೈಯಲ್ಲೇ ಉಳಿಯಿತು.

"ನೂರು ವರ್ಷ ಆಯಸ್ಸು ನಿಂಗೆ, ಬಾರಮ್ಮ," ಎಂದರು ಅತ್ತೆ.

ಟೈಲರಮ್ಮ ಲಂಗವನ್ನು ಬೆಳಕಿಗೆ ಹಿಡಿದಳು. "ಅಯ್ಯೋ ಅಕ್ಕ, ಇಲಿ ಕಡಿದಂಗೆ ಮಾಡಿದ್ದೀರಲ್ಲ!" ಹೊಸ್ತಿಲ ಬಳಿಯೇ ಕೂತು ಸೂಜಿಗೆ ದಾರ ಪೋಣಿಸಿದಳು.

"ಮನೆಮನೆ ಸುತ್ತೋದು ಕಷ್ಟ ಅಲ್ವಾ?" ಎಂದಳು ಅವಳು.

"ಕೂತೂ ಕೂತೂ ಸೊಂಟ ಹಿಡಿದಿತ್ತು, ಈಗ ಕಾಲಿನ ಸರದಿ," ಎಂದು ನಕ್ಕಳು. ಆಮೇಲೆ ಸೂಜಿ ನಿಲ್ಲಿಸಿ ದನಿ ತಗ್ಗಿಸಿದಳು. "ಅಕ್ಕ, ಒಂದು ಮಾತು. ಅವತ್ತು ಅಷ್ಟೂ ಬರೆದಿದ್ರೂ ನಾನು ಸೋಲ್ತಿದ್ದೆ, ಅಲ್ವಾ? ಅಂಥ ಸಾಹುಕಾರನ ಮುಂದೆ?"

ಅತ್ತೆ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಹೂಂ," ಎಂದಳು ಅವಳು.

"ಅಷ್ಟು ಸಾಕು. ಅದೊಂದೇ ಕೊರೀತಾ ಇತ್ತು." ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ಮೇಲಿನ ಮಹಡಿದೂ ಹರಾಜಂತೆ. ನಾನಂತೂ ಆ ಕಡೆ ತಲೆ ಹಾಕಲ್ಲಪ್ಪ."

ಟೈಲರಮ್ಮ ಹೋದ ಮೇಲೆ ಅತ್ತೆ ಲಂಗದ ಅಂಚು ಸವರಿ, "ಎಷ್ಟು ಸಣ್ಣ ಹೊಲಿಗೆ ನೋಡು," ಎಂದರು.

ಮೇಲಿನ ಮಹಡಿಯ ಹರಾಜು ನಿಯಮಗಳ ಕರಡು ಅವಳ ಕಚೇರಿ ಚೀಲದಲ್ಲಿತ್ತು. ಹಳೆಯದನ್ನೇ ನಕಲು ಮಾಡಿ ಸೋಮವಾರ ತನ್ನಿ ಎಂದಿದ್ದರು ಅಧಿಕಾರಿ. ಅವಳು ಪೆನ್ನು ತೆಗೆದು 'ಒಂದೇ ಬಾರಿ' ಎಂಬುದನ್ನು ಹೊಡೆದುಹಾಕಿದಳು. ಅದರ ಕೆಳಗೆ ಬರೆದಳು: 'ದಿನಕ್ಕೊಂದರಂತೆ ಮೂರು ಸುತ್ತು. ಗೆಲ್ಲಲು ಯಾರಿಗೆ ಎಷ್ಟು ಕಡಿಮೆ ಬಿದ್ದಿದೆ ಎಂಬುದನ್ನು ಪ್ರತಿ ಸಂಜೆ ಮಾರುಕಟ್ಟೆಯ ಹಲಗೆಯಲ್ಲಿ ಬರೆಯತಕ್ಕದ್ದು. ಮರುದಿನ ಏರಿಸಬಹುದು.'

"ಯಾರಿಗೆ ಕಾಗದ?" ಎಂದರು ಅತ್ತೆ.

"ಯಾರಿಗೂ ಅಲ್ಲ. ಕಚೇರಿದು."

ಕರಡನ್ನು ಮಡಚಿಟ್ಟು ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ಹೊಸ ಅಂಚು ನೇರವಾಗಿ ಕೂತಿತ್ತು. ಅದರ ಎರಡು ಬೆರಳು ಮೇಲೆ ಹಳೆಯ ಮಡಿಕೆಯ ಗೆರೆ ಹಾಗೇ ಕಾಣುತ್ತಿತ್ತು. ನೀರು ಚಿಮುಕಿಸಿ ಇನ್ನೊಮ್ಮೆ ಒತ್ತಿದಳು.