ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ

ಮುಂದೆ ಒಂದು ಹಳದಿ ಕೊಡೆ, ಅದರ ಹಿಂದೆ ಸಾಲಾಗಿ ಒಂಬತ್ತು ಮಕ್ಕಳು, ಪ್ರತಿಯೊಬ್ಬರ ಕಂಕುಳಲ್ಲೂ ಚಿತ್ರ ಬಿಡಿಸುವ ಒಂದು ರಟ್ಟು. ಇವತ್ತಿಗೂ ಬೀದಿಯ ತಿರುವಿನಲ್ಲಿ ಯಾರದಾದರೂ ಹಳದಿ ಕೊಡೆ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಆ ಸಾಲಿನ ಕೊನೆಯಲ್ಲಿದ್ದವಳು ನನ್ನ ಮಗಳು ವತ್ಸಲ. ಆಗ ಅವಳಿಗೆ ಏಳು ವರ್ಷ. ತಿರುವಿನಲ್ಲಿ ಹಿಂತಿರುಗಿ ನನಗೆ ಕೈ ಬೀಸಿದಳು. ನಾನು ಸೊಂಟದ ಮೇಲೆ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಯಿಂದ ಬರುತ್ತಿದ್ದೆ. 'ಎಲ್ಲಿಗೆ?' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಕೊಡೆ ಹಿಡಿದಿದ್ದವಳು ಮಾರೆಟ್. ವರ್ಷದ ಅರ್ಧ ಭಾಗ ಹಿಮ ಬೀಳುವ ಯಾವುದೋ ದೇಶದವಳು. ಮಕ್ಕಳಿಗೆ ಚಿತ್ರ ಕಲಿಸುತ್ತೇನೆ, ಸಂಬಳ ಬೇಡ, ಇರಲು ಒಂದು ಮನೆ ಸಿಕ್ಕರೆ ಸಾಕು ಎಂದು ನಮ್ಮೂರಿನ ಶಾಲೆಗೆ ಬಂದಿದ್ದಳು. ಇಂಗ್ಲಿಷ್ ಬಲ್ಲ ಸೊಸೆ ಇರುವ ಮನೆ ಎಂದು ಶಾಲೆಯವರು ನಮ್ಮ ಮನೆ ತೋರಿಸಿದರು. ನನ್ನ ಇಂಗ್ಲಿಷ್ ಎಷ್ಟರಮಟ್ಟಿನದು ಎಂದು ಅವರಿಗೂ ಗೊತ್ತಿತ್ತು, ಆದರೆ ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಮೊದಲ ವಾರವೆಲ್ಲ ಸಾರಿನ ಖಾರಕ್ಕೆ ಮೂಗು ಕಣ್ಣು ಸುರಿಸಿಕೊಂಡೇ "ತುಂಬಾ ಚೆನ್ನಾಗಿದೆ" ಅನ್ನುತ್ತಿದ್ದಳು. ಹೊಸ್ತಿಲ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದವಳನ್ನು ಅತ್ತೆ ಕೈಹಿಡಿದು ಎಬ್ಬಿಸಿದರು, ಮತ್ತೆಂದೂ ಅಲ್ಲಿ ಕೂರಲಿಲ್ಲ. ಎಡಗೈಯಲ್ಲಿ ಕೊಡಬಾರದು ಎಂದೆ, ಬಳಪದ ಚೂರನ್ನೂ ಬಲಗೈಗೆ ಬದಲಾಯಿಸಿಕೊಂಡೇ ಮಕ್ಕಳಿಗೆ ಕೊಡತೊಡಗಿದಳು. ಒಮ್ಮೆ ಹೇಳಿದರೆ ಮುಗಿಯಿತು, ಅವಳಿಗದು ವೇದವಾಕ್ಯ. ನಮ್ಮ ಮಕ್ಕಳಿಗೆ ನೂರು ಸಲ ಹೇಳಿದರೂ ಹತ್ತದ ಮಾತು ಇವಳಿಗೆ ಹೇಗೆ ಹತ್ತುತ್ತದೋ ಎಂದು ನಾನು ನಗುತ್ತಿದ್ದೆ.

ಅವಳು ಮೊದಲು ಕಲಿತ ಕನ್ನಡವೇ "ಎಲ್ಲಿಗೆ ಹೊರಟಿರಿ?" ಎಂಬುದು. ಕಂಡಕಂಡವರನ್ನು ಕೇಳುತ್ತಿದ್ದಳು. ಒಂದು ದಿನ ಮಾವ ಜಮೀನಿನ ವ್ಯಾಜ್ಯಕ್ಕೆಂದು ಕೋರ್ಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಇವಳು ಜಗಲಿಯಿಂದ ಬಾಯ್ತುಂಬ ಕೇಳಿದಳು. ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು, ನೀರು ಕುಡಿದು ಮತ್ತೆ ಹೊಸದಾಗಿ ಹೊರಟರು. ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು ಕಣಮ್ಮ. ಹೋದ ಕೆಲಸ ಕೆಡುತ್ತೆ" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಾರೆಟ್ ಹುಡುಗರಿಂದ ಕಲಿತಂತೆ ಗಲ್ಲ ಗಲ್ಲ ಬಡಿದುಕೊಂಡಳು. ಎಲ್ಲರೂ ನಕ್ಕೆವು.

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲೇ ಅವಳ ಚಿತ್ರದ ಪಾಠ. ಕೇರಿಯ ಮಕ್ಕಳು ತಿಂಡಿ ತಿಂದು ಬರುತ್ತಿದ್ದರು, ಊಟದ ಹೊತ್ತಿಗೆ ಅವರವರ ಮನೆ ಸೇರುತ್ತಿದ್ದರು. ಆ ಭಾನುವಾರ ಜಗಲಿ ಬಿಟ್ಟು ಹೊರಟದ್ದನ್ನು ಕಂಡು, ಹತ್ತಿರದ ಯಾವುದೋ ಮರದ ನೆರಳಿಗೆ ಇರಬೇಕು ಅಂದುಕೊಂಡೆ. ಹುಳಿ ಮಾಡಿದೆ, ವತ್ಸಲಳಿಗೆಂದು ಖಾರವಿಲ್ಲದ ಪಲ್ಯ ಬೇರೆ ತೆಗೆದಿಟ್ಟೆ. ಊಟದ ಹೊತ್ತು ಮೀರಿತು. ಅವಳ ತಟ್ಟೆ ಹಾಕಿದ್ದು ಹಾಗೇ ಇತ್ತು.

"ಮಕ್ಕಳು ಎಲ್ಲಿಗೆ ಹೋದವು ಅತ್ತೆ?"

ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತಿದರು. "ನಾನ್ಹೇಗೆ ಕೇಳ್ಲಿ? ಆಗಲೇ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ್ರು."

ಬಾವಿಕಟ್ಟೆಗೆ ಹೋಗಿ ನೋಡಿದೆ. ಶಾಲೆಗೆ ಹೋದೆ, ಬೀಗ ಹಾಕಿತ್ತು. ಆಮೇಲೆ ಮನೆಮನೆ ಅಲೆದೆ. ಕಾಣದವರೇ ಇರಲಿಲ್ಲ. ದರ್ಜಿ ಗುರುಬಸಪ್ಪ ಹೊಲಿಗೆ ನಿಲ್ಲಿಸಿ, "ಕಂಡೆ ಕಣಮ್ಮ, ಹಳದಿ ಕೊಡೆ ಹಿಡ್ಕೊಂಡು ಎಷ್ಟು ಚೆಂದ ಹೋಗ್ತಿದ್ರು" ಎಂದ.

"ಎಲ್ಲಿಗೆ ಅಂತ ಕೇಳ್ಲಿಲ್ವಾ?"

"ಹೊರಟವರನ್ನ ಕೇಳೋಕಾಗುತ್ತಾ ತಾಯಿ?"

ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದೂ ಗೊತ್ತಿರುವ ಕೇರಿ ನಮ್ಮದು. ಅಂಥ ಕೇರಿ ಒಂಬತ್ತು ಮಕ್ಕಳು ಸಾಲಾಗಿ ಹೋಗುವುದನ್ನು ನಗುನಗುತ್ತಾ ನೋಡಿ ಬಾಯಿ ಮುಚ್ಚಿಕೊಂಡಿತ್ತು. ಯಾರನ್ನು ಬೈಯಲಿ? ನಾನೂ ಆ ಬಾಯಿಗಳಲ್ಲೊಂದು.

ಹೊತ್ತು ಇಳಿಯತೊಡಗಿತು. ನಮ್ಮ ಬಾಗಿಲಲ್ಲಿ ಜನ ಸೇರಿದರು. ಹಿಂದಿನ ಬೀದಿಯ ನೂರ್‌ಜಾನಳ ಇಬ್ಬರು ಮಕ್ಕಳೂ ಆ ಸಾಲಿನಲ್ಲಿದ್ದರು. ಅವಳು ನನ್ನ ಎರಡೂ ತೋಳು ಹಿಡಿದು, "ನಿಮ್ಮನೇಲಿ ಇದ್ದಾಳೆ ಅಂತ ನಂಬಿ ಕಳಿಸಿದೆ ಅಕ್ಕ. ನನ್ನ ಮಕ್ಕಳನ್ನ ತಂದ್ಕೊಡಿ" ಎಂದಳು. ಅವಳ ಹಿಂದಿನಿಂದ ಯಾರದೋ ದನಿ ಬಂತು: "ಸಂಬಳ ಇಲ್ದೆ ಅಷ್ಟು ದೂರದಿಂದ ಯಾರಾದ್ರೂ ಬರ್ತಾರೇನ್ರೀ? ಆವಾಗ್ಲೇ ಯೋಚಿಸ್ಬೇಕಿತ್ತು."

ಆವರೆಗೆ ಅವಳ ದೊಡ್ಡತನ ಎಂದು ಹೊಗಳುತ್ತಿದ್ದುದೇ ಈಗ ಹೆದರಿಕೆಯಾಗಿ ಎದುರು ನಿಂತಿತು. ತಿಂಗಳುಗಟ್ಟಲೆ ಒಂದೇ ಒಲೆಯ ಅನ್ನ ಉಂಡಿದ್ದೆವು, ಅವಳ ತಂದೆಯ ಹೆಸರು ಏನೆಂದು ನನಗೆ ಗೊತ್ತಿರಲಿಲ್ಲ. ಅವಳ ಕೋಣೆಗೆ ಓಡಿದೆ. ಪೆಟ್ಟಿಗೆ ಅಲ್ಲೇ ಇತ್ತು, ಬಟ್ಟೆಗಳೂ ಇದ್ದವು. ಸಮಾಧಾನವಾಗಬೇಕಿತ್ತು. ಓಡಿಹೋಗಿಲ್ಲ ಅಂದಮೇಲೆ ಏನೋ ಆಗಿದೆ ಎಂದೇ ಅರ್ಥ ಅನ್ನಿಸಿತು. ನನ್ನ ಗಂಡ ಪರವೂರಿನಲ್ಲಿದ್ದರು. ಮಗು ಎಲ್ಲಿ ಎಂದು ಅವರು ಕೇಳಿದರೆ ಏನು ಹೇಳಲಿ?

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದವನೊಬ್ಬ, ಬೆಳಿಗ್ಗೆ ಕಲ್ಲಿನ ಕ್ವಾರಿಯ ದಾರಿಯಲ್ಲಿ ಹಳದಿ ಕೊಡೆ ಕಂಡೆ ಎಂದ. ಕ್ವಾರಿ ಇರುವುದು ಊರಾಚೆಯ ಗುಡ್ಡದ ಬುಡದಲ್ಲಿ. ಕಲ್ಲು ತೆಗೆದು ತೆಗೆದು ಬಿಟ್ಟ ಹೊಂಡ, ಅದರ ತುಂಬ ಕಪ್ಪು ನೀರು. ಆಳ ಎಷ್ಟೆಂದು ಇಳಿದು ನೋಡಿದವರಿಲ್ಲ.

ಅಲ್ಲಿಗೆ ಹೇಗೆ ಮುಟ್ಟಿದೆನೋ ತಿಳಿಯದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೊಂಡದ ಅಂಚಿಗೆ ಬಂದು ಬಗ್ಗಿದಾಗ, ನಡುನೀರಿನಲ್ಲಿ ಹಳದಿಯದೇನೋ ತೇಲುತ್ತಿತ್ತು. ಅರ್ಧ ಮುಳುಗಿತ್ತು, ಗಾಳಿಗೆ ಉಬ್ಬಿಕೊಂಡು ಮೆಲ್ಲಗೆ ತಿರುಗುತ್ತಿತ್ತು. ನಾನು ಎರಡೂ ಕೈ ತಲೆಯ ಮೇಲೆ ಹೊತ್ತು ಕಿರುಚಿದೆ. ಆ ಕಿರುಚು ನನ್ನದೇ ಎಂದು ನನಗೆ ಆಮೇಲೆ ಗೊತ್ತಾಯಿತು. ಅಷ್ಟು ಭಯವನ್ನು ನಾನು ಆ ಮೊದಲೂ ಪಟ್ಟಿಲ್ಲ, ಆಮೇಲೆ ಹೆತ್ತವರನ್ನು ಮಣ್ಣು ಮಾಡಿದ ದಿನವೂ ಪಡಲಿಲ್ಲ.

ಗುರುಬಸಪ್ಪ ಉದ್ದನೆಯ ಬಿದಿರಿನ ಗಳು ತಂದು ಅದನ್ನು ದಡಕ್ಕೆಳೆದ. ಹರಿದ ಪ್ಲಾಸ್ಟಿಕ್ ಹಾಳೆ. ಯಾರೋ ರಾಶಿಗೆ ಹೊದಿಸಿದ್ದು ಗಾಳಿಗೆ ಹಾರಿ ಬಂದಿತ್ತು. ಆದರೂ ನೂರ್‌ಜಾನ್ ನೀರಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಕೆಲವರು ಪೊದೆಗಳನ್ನು ಬಡಿದು ಕೂಗಿದರು, ಕೆಲವರು ಬಸ್ ನಿಲ್ದಾಣದತ್ತ, ಕೆಲವರು ಪೊಲೀಸ್ ಠಾಣೆಯತ್ತ ಓಡಿದರು. ತಲೆಯೆತ್ತಿ ಗುಡ್ಡದ ನೆತ್ತಿ ನೋಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೆದರಿದವರ ಕಣ್ಣು ಹೋಗುವುದು ತಗ್ಗಿನ ಕಡೆಗೇ.

ದೀಪ ಹಚ್ಚುವ ಹೊತ್ತಿಗೆ ನಾವು ಕೇರಿಗೆ ಮರಳುತ್ತಿದ್ದೆವು. ಎದುರಿನ ತಿರುವಿನಲ್ಲಿ ಹಾಡು ಕೇಳಿಸಿತು. ಆಮೇಲೆ ಮಡಿಸಿದ ಹಳದಿ ಕೊಡೆ, ಅದರ ಹಿಂದೆ ಸಾಲು. ನಾನು ಎಣಿಸಿದೆ. ಒಂಬತ್ತೂ ಇದ್ದವು. ನೂರ್‌ಜಾನ್ ಇಬ್ಬರು ಮಕ್ಕಳಿಗೂ ಒಂದೊಂದು ಏಟು ಕೊಟ್ಟು, ಆಮೇಲೆ ಇಬ್ಬರನ್ನೂ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಾನು ವತ್ಸಲಳನ್ನು ಎತ್ತಿಕೊಂಡೆ, ಮೂಸಿದೆ, ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಆಮೇಲೆ ಮಾರೆಟ್‌ಳ ಮೇಲೆ ಎಗರಿದೆ. ಇಂಗ್ಲಿಷ್ ಎಲ್ಲಿ ಹಾರಿಹೋಗಿತ್ತೋ!

"ಎಲ್ಲಿ ಹಾಳಾಗಿ ಹೋಗಿದ್ದೆ? ಒಂದು ಮಾತು ಹೇಳಿ ಹೋಗೋಕೆ ನಿಂಗೇನಾಗಿತ್ತು?"

ಬಿಸಿಲಿಗೆ ಕೆಂಪಾಗಿದ್ದ ಅವಳ ಮುಖ ಬಿಳುಚಿಕೊಂಡಿತು. ಜನರನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು: "ಗುಡ್ಡದ ಮೇಲೆ ಹೋದೆವು. ಮೇಲಿನಿಂದ ಊರಿನ ಚಿತ್ರ ಮಾಡಿದೆವು. ಬೇರೆ ದಾರಿಯಲ್ಲಿ ಇಳಿದೆವು. ಕೇಳಿದರೆ ಕೆಲಸ ಕೆಡುತ್ತದೆ, ಅಮ್ಮ ಹೇಳಿದರು. ಹೇಳಿದರೂ ಕೆಡುತ್ತದೆ ಎಂದು ತಿಳಿದೆ. ಬೀದಿಯಲ್ಲಿ ಎಲ್ಲರೂ ನೋಡಿದರು, ನಕ್ಕರು, ಯಾರೂ ಕೇಳಲಿಲ್ಲ. ಎಲ್ಲರೂ ಒಪ್ಪಿದರು ಎಂದು ತಿಳಿದೆ. ಮಕ್ಕಳಿಗೆ ಕೆಟ್ಟದು ಆಗಬಾರದು ಎಂದು ನಾನು ಹೇಳಲಿಲ್ಲ."

"ಸಂಬಳ ಇಲ್ದೆ" ಎಂದಿದ್ದವರು ಗುಂಪಿನಲ್ಲಿ ಎಲ್ಲಿ ಕರಗಿದರೋ. ಅತ್ತೆ ಒಳಗೆ ಹೋಗಿ ಬೆಲ್ಲ, ನೀರು ತಂದು ಅವಳ ಕೈಗಿಟ್ಟರು. "ಕುಡಿ ಮೊದಲು" ಎಂದರು. ಆಮೇಲೆ ಇಡೀ ಬೀದಿಗೆ ಕೇಳುವಂತೆ, "ಇನ್ಮೇಲೆ ಈ ಹೊಸ್ತಿಲು ದಾಟೋರೆಲ್ಲ ಹೇಳಿ ಹೋಗ್ಬೇಕು. ಕೆಲಸ ಕೆಟ್ರೆ ಕೆಡ್ಲಿ" ಎಂದರು.

ಉಂಡಾದ ಮೇಲೆ ವತ್ಸಲ ರಟ್ಟು ತಂದು ನನ್ನ ತೊಡೆಯ ಮೇಲಿಟ್ಟಳು. ಗುಡ್ಡದಿಂದ ಕಂಡ ನಮ್ಮೂರು. ಬೆಂಕಿಪೆಟ್ಟಿಗೆಯಷ್ಟು ಮನೆಗಳು, ದಾರದಂಥ ಬೀದಿಗಳು. ಬೀದಿಗಳ ತುಂಬ ಇರುವೆಗಳಂತೆ ಜನ ಆ ಕಡೆ ಈ ಕಡೆ ಓಡುತ್ತಿದ್ದರು. ಕೆಳಗೆ, ಕಪ್ಪು ಬಳಿದ ಹೊಂಡದ ಅಂಚಿನಲ್ಲಿ, ಒಬ್ಬ ಹೆಂಗಸು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಳು.

"ಇದ್ಯಾರೇ?" ಎಂದೆ.

"ಗೊತ್ತಿಲ್ಲಮ್ಮ. ಅಷ್ಟು ಮೇಲಿಂದ ಮುಖ ಕಾಣಲ್ಲ. ಏನೋ ಕಳ್ಕೊಂಡಿದ್ಲು, ಪಾಪ. ನಾವೆಲ್ಲ ಮೇಲಿಂದ ಸಿಗಲಿ ಸಿಗಲಿ ಅಂತ ಹೇಳ್ತಾನೇ ಇದ್ವಿ." ಆಕಳಿಸುತ್ತಾ ನನ್ನ ಭುಜಕ್ಕೆ ಒರಗಿದಳು. "ಅವಳಿಗೆ ಸಿಕ್ತಾ ಅಮ್ಮ?"

"ಸಿಕ್ತು ಮಗಳೇ."

ಅವಳು ಅಲ್ಲೇ ನಿದ್ದೆ ಹೋದಳು. ನಾನು ಆ ಹೆಂಗಸಿನ ಮೇಲೆ ಕಿರುಬೆರಳಿಟ್ಟೆ. ಬೆರಳ ತುದಿಯಡಿ ಅವಳು ಪೂರ್ತಿ ಮುಚ್ಚಿಹೋದಳು, ತಲೆಯ ಮೇಲಿನ ಕೈಗಳೂ ಸೇರಿ.