ಕಂಪ್ಯೂಟರಿನ ಬಾಯಿಗೆ ಭಂಡಾರ

ಚಿಕ್ಕೋಡಿಯ ಅಪ್ಪಾಸಾಬನ ಕೆಲಸ ಹೋಗಿ ಒಂಬತ್ತು ದಿನವಾಗಿತ್ತು. ಆದರೂ ಅವನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಮಂಗಲ ಕಟ್ಟಿಕೊಟ್ಟ ಡಬ್ಬಿ ಹಿಡಿದು, ಎಂದಿನ ರಾಯಬಾಗದ ಬಸ್ಸನ್ನೇ ಹತ್ತುತ್ತಿದ್ದ. ರಾಯಬಾಗದಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಸಂಜೆಯಾದ ಮೇಲೆ ದಣಿದವನ ಹಾಗೆ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದ. ಸದ್ಯಕ್ಕೆ ಅದೇ ಅವನ ನೌಕರಿ.

ಹಳೆಯ ನೌಕರಿ ಹೋದದ್ದು ಅವನ ಜಾಣತನದಿಂದಲೇ. ಅದು ೧೯೯೯ರ ಮಾರ್ಚ್ ತಿಂಗಳು. ಎರಡು ಸಾವಿರದ ಇಸವಿ ಬಂದೊಡನೆ ಹಳೆಯ ಕಂಪ್ಯೂಟರುಗಳಿಗೆ ತಾರೀಖು ತಿಳಿಯುವುದಿಲ್ಲ, ಅವು ನೂರು ವರ್ಷ ಹಿಂದಕ್ಕೆ ಹೋಗಿ ಕೂರುತ್ತವೆ ಎಂದು ಎಲ್ಲ ಕಡೆ ಗಾಬರಿ. ರಾಯಬಾಗದ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅದನ್ನು ಸರಿಮಾಡಲು ಪುಣೆಯ ಗುತ್ತಿಗೆದಾರನೊಬ್ಬ ಅಪ್ಪಾಸಾಬನನ್ನು ಡಿಸೆಂಬರ್ ತನಕ ಇಟ್ಟುಕೊಂಡಿದ್ದ. ಇವನು ಊಟ ನಿದ್ದೆ ಬಿಟ್ಟು ದುಡಿದು ಮಾರ್ಚಿಗೇ ಮುಗಿಸಿದ. ಶಭಾಸ್ ಅನ್ನಿಸಿಕೊಳ್ಳೋಣವೆಂದು ಫೋನು ಮಾಡಿದ. ಗುತ್ತಿಗೆದಾರ ಶಭಾಸ್ ಅಂದ. ಸೋಮವಾರದಿಂದ ಬರುವುದು ಬೇಡ ಅಂತಲೂ ಅಂದ. ತಾನು ಕುಳಿತ ಟೊಂಗೆಯನ್ನು ತಾನೇ ಕಡಿದುಕೊಳ್ಳುವವರುಂಟು, ಆದರೆ ಒಂಬತ್ತು ತಿಂಗಳು ಮುಂಚಿತವಾಗಿ ಕಡಿದುಕೊಂಡವನು ಅಪ್ಪಾಸಾಬನೊಬ್ಬನೇ ಇರಬೇಕು.

ಮಂಗಲಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬೇರೆ ಕಂತ್ರಾಟು ಸಿಕ್ಕ ಮೇಲೆ ಎರಡೂ ಸುದ್ದಿ ಒಟ್ಟಿಗೇ ಹೇಳಿದರಾಯಿತು ಅಂದುಕೊಂಡ. ಕಂತ್ರಾಟು ಸಿಗಲಿಲ್ಲ, ಸುಳ್ಳು ಮಾತ್ರ ದಿನಕ್ಕೊಂದು ಮೊಳ ಬೆಳೆಯುತ್ತಿತ್ತು. ಅವಳ ಮುಖ ನೋಡಿ ರೊಟ್ಟಿ ಮುರಿಯಲು ಅವನಿಗೆ ನಾಚಿಕೆಯಾಗುತ್ತಿತ್ತು.

ಒಂಬತ್ತನೆಯ ದಿನ ಹತ್ತೂವರೆಗೇ ಹಸಿವಾಗಿ ಅವನು ಡಬ್ಬಿ ಬಿಚ್ಚಿದ. ಎದುರಿಗೆ ಕಾಸಿಮಸಾಬ ಬಂದು ನಿಂತ. ರಾಯಬಾಗದ ಕಾಸಿಮಸಾಬ ಹೊಲಿಗೆ ಮಿಶನ್ ರಿಪೇರಿಯವನು. ಹೆಗಲಿಗೆ ಖಾಕಿ ಚೀಲ ಹಾಕಿ ಊರೂರು, ಮನೆಮನೆ ತಿರುಗುತ್ತಾನೆ. ಅಪ್ಪಾಸಾಬನಿಗೂ ಅವನಿಗೂ ಬಸ್ಸಿನಲ್ಲಿ ಆದ ಗುರುತು.

"ಹತ್ತೂವರಿಗೆ ಬುತ್ತಿ ಬಿಚ್ಚೂ ಕಾರ್ಖಾನಿ ಯಾವುದೋ ತಮ್ಮಾ?" ಎಂದು ಕಾಸಿಮಸಾಬ ಪಕ್ಕದಲ್ಲೇ ಕುಳಿತ.

ಕೈಯಲ್ಲಿದ್ದ ತುತ್ತು ಡಬ್ಬಿಗೆ ಮರಳಿತು. ನೀರು ಕುಡಿದ ಮೇಲೆ ಅಪ್ಪಾಸಾಬ ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಕಾಸಿಮಸಾಬ ಪೂರ್ತಿ ಕೇಳಿದ. ಅಯ್ಯೋ ಪಾಪ ಅನ್ನಲಿಲ್ಲ. ಚಿಂಚಲಿಯಲ್ಲಿ ತನ್ನ ಗಿರಾಕಿ ಭೀಮಾಬಾಯಿಯ ಮನೆಯಲ್ಲಿ ಕಂಪ್ಯೂಟರು ಕೆಟ್ಟು ಕೂತಿದೆ, ನನ್ನ ಜೊತೆ ಹೊರಡು ಎಂದ.

"ಕಾಕಾ, ನಾ ಕಂಪ್ಯೂಟರ್ ಕಲ್ತಾಂವ. ಚೀಲಾ ಹಿಡ್ಕೊಂಡು ಮನಿ ಮನಿ ತಿರಗಂದ್ರ ಹ್ಯಾಂಗ್ರಿ? ಮಂದಿ ಏನಂದಾರು?"

"ಒಂಬತ್ತು ದಿನಾ ಈ ಬೆಂಚಿನ ಮ್ಯಾಲ ಕುಂತಿಯಲ್ಲ, ಮಂದಿ ಏನಂದ್ರು?"

ಅಪ್ಪಾಸಾಬ ಡಬ್ಬಿಯ ಮುಚ್ಚಳ ಹಾಕಿದ.

"ನಿಂದು ಒಂದ ಬಾಗಿಲಾ ಇತ್ತು, ಅದನ್ನ ಹಾಕಿದ್ರು, ನೀ ಬೀದಿಗಿ ಬಂದಿ," ಎಂದ ಕಾಸಿಮಸಾಬ. "ನಂದು ನಾಕನೂರು ಮನಿ ಅದಾವ. ನಾಕನೂರು ಬಾಗಿಲಾ ಒಂದ ದಿನಾ ಹಾಕ್ಯಾರೇನು?"

ಬಸ್ಸಿನಲ್ಲಿ ಕಾಸಿಮಸಾಬ ಲೆಕ್ಕ ಹಾಕಿ ತೋರಿಸಿದ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳ ಮನೆಯಲ್ಲಿ ಕಂಪ್ಯೂಟರು ಬಂದಿದೆ. ಬೋರಗಾಂವದಲ್ಲಿ ಮಗ್ಗದ ಮಾಲೀಕ ಮುರಗೆಪ್ಪ ಮಕ್ಕಳಿಗೆಂದು ತಂದಿದ್ದಾನೆ. ಅಥಣಿಯ ವಕೀಲರು, ಚಿಕ್ಕೋಡಿಯ ಡಾಕ್ಟರರು, ಎಲ್ಲರ ಮನೆಯಲ್ಲೂ ಒಂದೊಂದು. ಕೆಟ್ಟರೆ ದುಪ್ಪಟಿಯಲ್ಲಿ ಸುತ್ತಿ ಕೊಲ್ಲಾಪುರಕ್ಕೋ ಬೆಳಗಾವಿಗೋ ಹೊರಬೇಕು. ನಮ್ಮ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಸಣ್ಣ ರೋಗ ದೊಡ್ಡದಾಗುತ್ತದೆ. ಮನೆಯಲ್ಲಿರುವ ಯಂತ್ರ ಮನೆಯಲ್ಲೇ ರಿಪೇರಿಯಾಗಬೇಕು ಎಂಬುದು ಅವನ ಇಪ್ಪತ್ತಾರು ವರ್ಷದ ಅನುಭವ. ತನ್ನ ಕಸುಬಿನ ಕಟ್ಟುಪಾಡನ್ನೂ ಹೇಳಿಕೊಟ್ಟ. ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು. ಕೂಲಿ ಎಷ್ಟೆಂದು ಮುಂಚೆಯೇ ಹೇಳಬೇಕು. ಮನೆಯವರು ಏನೇ ಎಡವಟ್ಟು ಮಾಡಿರಲಿ, ನಗಬಾರದು. ಕೊನೆಯದು ಬಹಳ ಕಷ್ಟದ್ದೆಂದು ಒತ್ತಿ ಹೇಳಿದ.

ಭೀಮಾಬಾಯಿಯ ಸೊಸೆ ಸತ್ತೆವ್ವ ಹೈಸ್ಕೂಲಿನ ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಟೈಪು ಮಾಡಿಕೊಡುತ್ತಿದ್ದಳು. ವಾರ್ಷಿಕ ಪರೀಕ್ಷೆಗೆ ಐದು ದಿನ ಉಳಿದಿತ್ತು, ಪತ್ರಿಕೆಗಳೆಲ್ಲ ಕೆಟ್ಟ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಹೆಡ್‌ಮಾಸ್ತರರು ದಿನಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಊರಿನ ಹುಡುಗರು ಮಾತ್ರ ಅದು ಕೆಟ್ಟೇ ಇರಲೆಂದು ಊರದೇವತೆ ಮಾಯಕ್ಕನಿಗೆ ತೆಂಗಿನಕಾಯಿ ಹರಕೆ ಹೊತ್ತಿದ್ದರು.

ಭೀಮಾಬಾಯಿಗೆ ಬಂದವನ ಮೇಲೆ ನಂಬಿಕೆ ಇರಲಿಲ್ಲ. ಅವಳು ಈಗಾಗಲೇ ಒಮ್ಮೆ ಕೊಲ್ಲಾಪುರಕ್ಕೆ ಹೋಗಿಬಂದಿದ್ದಳು. ಟಿವಿಯಂತಿರುವುದೇ ಕಂಪ್ಯೂಟರು ಎಂದು ತಿಳಿದು, ಅದನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಒಯ್ದಿದ್ದಳು. ಅಂಗಡಿಯವರು ಇದಕ್ಕೇನೂ ಆಗಿಲ್ಲ, ಕೆಳಗಿನ ಡಬ್ಬ ತನ್ನಿ ಅಂದಿದ್ದರು. ಮರಳಿ ಬರುವಾಗ ಕಂಡಕ್ಟರು ಅದಕ್ಕೂ ಅರ್ಧ ಟಿಕೀಟು ಹರಿದಿದ್ದ.

"ಕೊಲ್ಲಾಪುರದಾಗ ಆಗಲಾರದ್ದು ಈ ತಮ್ಮನ ಕೈಲೆ ಆಕ್ಕೈತೇನು?" ಎಂದು ಅವಳು ಕಾಸಿಮಸಾಬನನ್ನು ಕೇಳಿದಳು.

ಅಪ್ಪಾಸಾಬನಿಗೆ ಅಭಿಮಾನ ಕೆರಳಿತು. ತನ್ನ ವಿದ್ಯೆ ಗೊತ್ತಾಗಲೆಂದು ಕಾಲು ಗಂಟೆ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಭಾಷಣ ಬಿಗಿದ. ಅತ್ತೆ ಸೊಸೆ ಪಿಳಿಪಿಳಿ ನೋಡಿದರು. ಕಾಸಿಮಸಾಬ ಒಮ್ಮೆ ಕೆಮ್ಮಿದ. ಆಗ ಅಪ್ಪಾಸಾಬನಿಗೆ ಬಸ್ಸಿನಲ್ಲಿ ಕೇಳಿದ್ದು ನೆನಪಾಯಿತು. ಚಾಪೆಯ ಮೇಲೆ ಕುಳಿತು, ಕೂಲಿ ಹೇಳಿ, ಏನಾಯಿತು ಅಕ್ಕಾ ಎಂದು ಸತ್ತೆವ್ವನನ್ನು ಕೇಳಿದ. ಹಚ್ಚಿದ ಒಂದು ಗಳಿಗೆಗೆಲ್ಲ ಅದು ಬಿಸಿಯಾಗಿ ಆರುತ್ತದೆ, ಫ್ಲಾಪಿ ಹಾಕಿದರೆ ಒಳಗೆ ಜೋಳ ಬೀಸಿದಂತೆ ಸದ್ದು ಬರುತ್ತದೆ ಎಂದು ಅವಳು ಹೇಳಿದಳು.

ಅವನು ವೈರು ಕಿತ್ತು, ತಿರುಪುಗಳನ್ನು ತಟ್ಟೆಯಲ್ಲಿಟ್ಟು, ಡಬ್ಬದ ಮುಚ್ಚಳ ತೆಗೆದ. ಒಳಗೆಲ್ಲ ಹಳದಿ. ಫ್ಯಾನಿನ ರೆಕ್ಕೆಗಳ ಮೇಲೆ ಬೆರಳುದಪ್ಪ ಭಂಡಾರ ಕೂತಿತ್ತು. ಫ್ಲಾಪಿ ತೂರಿಸುವ ಕಿಂಡಿಯಲ್ಲಂತೂ ಬಾಯಿ ತುಂಬ. ಮಾಯಕ್ಕನ ಗುಡಿಯಲ್ಲಿ ಮುಷ್ಟಿಗಟ್ಟಲೆ ತೂರುವ ಅರಿಶಿನದ ಪುಡಿ, ಅನುಮಾನವೇ ಇಲ್ಲ.

ಎಲ್ಲರೂ ಭೀಮಾಬಾಯಿಯನ್ನು ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು.

"ಸೊಸಿಗಿ ಅನ್ನಾ ಹಾಕೂ ಮಿಶನ್ನು. ಮಂಗಳವಾರ ಒಂದು ಚಿಟಿಕಿ ಹಾಕ್ತಿದ್ನಿ. ಬಾಯಿ ಇಟ್ಟಾರ, ಮ್ಯಾಲ ದೀಪಾನೂ ಹಚ್ಚ್ಯಾರ. ತಿನ್ನೂದಿಲ್ಲಂತ ನನಗೇನ ಗೊತ್ತು?"

ಅಪ್ಪಾಸಾಬನ ಹೊಟ್ಟೆಯಿಂದ ನಗೆ ಎದ್ದು ಗಂಟಲಿಗೆ ಬಂತು. ಮುದುಕಿಯ ಮುಖ ನೋಡಿದ. ಸೊಸೆಯ ಕೆಲಸ ತನ್ನಿಂದಲೇ ಕೆಟ್ಟಿತೇ ಎಂದು ಅವಳ ಕಣ್ಣು ತುಂಬಿತ್ತು. ಅವನಿಗೆ ಅಯ್ಯೋ ಅನ್ನಿಸಿತು. ಒಳ್ಳೆಯದು ಮಾಡಲು ಹೋಗಿ ಮನೆಯವರ ಮುಂದೆ ತಲೆತಗ್ಗಿಸುವುದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಏನೂ ಆಗಿಲ್ಲ ಆಯಿ," ಎಂದ. "ಇನ್ನ ಮ್ಯಾಲ ಹಣಿಗಿ ಹಚ್ಚ್ರಿ, ಬಾಯಾಗ ಬ್ಯಾಡ್ರಿ."

ಕಾಸಿಮಸಾಬ ಚೀಲದಿಂದ ಮಿಶನ್ ಒರೆಸುವ ಮೆತ್ತನೆಯ ಕುಂಚ ಕೊಟ್ಟ. ಪಕ್ಕದ ಮನೆಯಿಂದ ಸೈಕಲ್ ಪಂಪು ಬಂತು. ಅಪ್ಪಾಸಾಬ ಕುಂಚದಿಂದ ಕೆರೆದು ಪಂಪಿನಿಂದ ಗಾಳಿ ಹೊಡೆದ. ಭಂಡಾರವೆಲ್ಲ ಎದ್ದು ನಾಲ್ವರ ಮೇಲೂ ಕೂತಿತು. ಮಾಯಕ್ಕ ಮನೆಗೇ ಬಂದಳೆಂದು ಭೀಮಾಬಾಯಿ ಕೈ ಮುಗಿದಳು. ಎರಡು ಗಂಟೆ ಹೊತ್ತು ಒಂದೊಂದೇ ಭಾಗ ಬಿಚ್ಚಿ, ಒರೆಸಿ, ಜೋಡಿಸಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು. ಸತ್ತೆವ್ವ ಒಂದೊಂದೇ ಪತ್ರಿಕೆ ತೆರೆದು ನೋಡಿದಳು, ಎಲ್ಲವೂ ಇದ್ದವು. ಅವನ್ನೆಲ್ಲ ಬೇರೆ ಫ್ಲಾಪಿಗೂ ತುಂಬಿ ಇಡುವುದನ್ನು ಅಪ್ಪಾಸಾಬ ಅವಳಿಗೆ ಕಲಿಸಿಕೊಟ್ಟ. ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗರು ಮುಖ ಸಣ್ಣ ಮಾಡಿಕೊಂಡು ಓದಲು ಹೋದರು.

ಕೂಲಿಯ ಜೊತೆ ಭೀಮಾಬಾಯಿ ಒಂದು ಗಿಂಡಿ ಮಜ್ಜಿಗೆ ಕೊಟ್ಟಳು. ತಿಂಗಳಿಗೊಮ್ಮೆ ಬಂದು ನೋಡಿಹೋಗು ಎಂದಳು. ಕಾರ್ಖಾನೆಯಲ್ಲಿ ಅವನಿಗೆ ಯಾರೂ ಮತ್ತೆ ಬಾ ಅಂದಿರಲಿಲ್ಲ.

ಸಂಜೆ ಚಿಕ್ಕೋಡಿಯಲ್ಲಿ ಇಳಿದಾಗ ಅವನ ಇಸ್ತ್ರಿ ಅಂಗಿ ಪೂರಾ ಹಳದಿ. ಮಂಗಲ ಬಾಗಿಲಲ್ಲೇ ನಿಂತಿದ್ದಳು. ಇವತ್ತು ಕಾರ್ಖಾನೆಯಲ್ಲಿ ಪೂಜೆ ಇತ್ತು ಎಂದು ಅವನು ಶುರು ಮಾಡಿದ.

"ಯಾವ ಕಾರ್ಖಾನ್ಯಾಗ್ರಿ?" ಎಂದಳು ಅವಳು. "ಒಂಬತ್ತು ದಿನಾತು, ನಿಮ್ಮ ಅಂಗ್ಯಾಗ ಕಾಕಂಬಿ ವಾಸನಿ ಬರೂದಿಲ್ಲ. ಅಂಗಿ ಒಗಿಯಾಕಿ ನಾನು."

ಸಕ್ಕರೆ ಕಾರ್ಖಾನೆಗೆ ಹೋದವನ ಬಟ್ಟೆಗೆ ಕಾಕಂಬಿಯ, ಅಂದರೆ ಸಕ್ಕರೆ ತೆಗೆದುಳಿದ ಕಪ್ಪು ಪಾಕದ, ಹುಳಿ ನಾತ ಅಂಟದೆ ಇರುವುದಿಲ್ಲ. ಇಷ್ಟು ಸಣ್ಣ ಸಂಗತಿ ಅಷ್ಟು ದೊಡ್ಡ ಜಾಣನಿಗೆ ಹೊಳೆದಿರಲಿಲ್ಲ. ಅಪ್ಪಾಸಾಬ ಹೊಸ್ತಿಲ ಮೇಲೆ ಕುಳಿತು ಎಲ್ಲ ಹೇಳಿದ. ಬೆಂಚು, ಕಾಸಿಮಸಾಬ, ಭಂಡಾರ, ಯಾವುದನ್ನೂ ಬಿಡಲಿಲ್ಲ. ಮಂಗಲ ಮೊದಲು ಅತ್ತಳು. ಆಮೇಲೆ, ಮುದುಕಿಯ ಮಾತು ಬಂದಾಗ, ಕಾಸಿಮಸಾಬನ ಕಟ್ಟುಪಾಡೇನೂ ತನಗಿಲ್ಲವೆಂಬಂತೆ ಮನಸಾರೆ ನಕ್ಕಳು.

ಮನೆಮನೆ ತಿರುಗುವವನ ಹೆಂಡತಿ ಅನ್ನಿಸಿಕೊಳ್ಳಲು ನಾಚಿಕೆಯಿಲ್ಲವೇ ಎಂದು ಅವನು ಮೆಲ್ಲಗೆ ಕೇಳಿದ.

"ನೀವು ಬಾಯಿ ಬಿಡ್ತೀರಂತ ಕಾದು ಕಾದು ಸಾಕಾತು," ಎಂದಳು ಮಂಗಲ. "ಡಾಕ್ಟರ ಮನಿ ಕಂಪ್ಯೂಟರ್ ಕೆಟ್ಟೈತಂತ. ನಾಳೆ ಹತ್ತಕ್ಕ ನಮ್ಮ ಮನಿಯವರು ಬರ್ತಾರಂತ ಹೇಳಿ ಬಂದೇನಿ."

ಮರುದಿನ ಅವಳೇ ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಳು. ದಸರೆಯ ಹೊತ್ತಿಗೆ ಅಪ್ಪಾಸಾಬನಿಗೆ ಐವತ್ತಮೂರು ಮನೆಗಳಾಗಿದ್ದವು. ಪುಣೆಯ ಗುತ್ತಿಗೆದಾರನ ಫೋನೂ ಬಂದಿತ್ತು, ಎರಡು ತಿಂಗಳ ಹೊಸ ಕೆಲಸವಿದೆ ಬಾ ಎಂದು. ಇವತ್ತು ಬೋರಗಾಂವದ ಮುರಗೆಪ್ಪನ ಮನೆಗೆ ಹೋಗುವುದಿದೆ ಎಂದು ಇವನು ಹೇಳಿ ಫೋನು ಇಟ್ಟ.

ಕಂಪ್ಯೂಟರು ಕಲಿತ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಂತ್ರಾಟೂ ಇವತ್ತೋ ನಾಳೆಯೋ ಮುಗಿದೀತು. ವಿದ್ಯೆ ಮುಗಿಯುವುದಿಲ್ಲ. ನಿಮ್ಮ ಸುತ್ತಲಿನ ಮನೆಗಳಲ್ಲಿ ಕೆಟ್ಟ ಕಂಪ್ಯೂಟರುಗಳು ದುಪ್ಪಟಿ ಹೊದ್ದು ಮಲಗಿವೆ. ಒಂದು ಸ್ಕ್ರೂಡ್ರೈವರು, ಒಂದು ಕುಂಚ, ನಾಲ್ಕು ಒಳ್ಳೆಯ ಫ್ಲಾಪಿ ಚೀಲಕ್ಕೆ ಹಾಕಿಕೊಂಡು ಹೊರಡಿರಿ. ಬರದ ಕೆಲಸ ಬರುತ್ತದೆ ಎನ್ನಬೇಡಿರಿ, ಬರುವ ಕೆಲಸಕ್ಕೆ ನಾಚಬೇಡಿರಿ. ಕಂಪ್ಯೂಟರು ಇಟ್ಟುಕೊಂಡ ಮನೆಯವರೇ, ಅದರ ಬಾಯಿಗೆ ಫ್ಲಾಪಿಯ ಹೊರತು ಏನನ್ನೂ ಹಾಕಬೇಡಿರಿ, ದೇವರ ಪ್ರಸಾದವಾದರೂ ಸರಿಯೇ. ಕೆಟ್ಟರೆ ಕೊಲ್ಲಾಪುರದ ಬಸ್ಸು ಹಿಡಿಯುವ ಮೊದಲು ನಿಮ್ಮ ಓಣಿಯಲ್ಲೇ ಒಮ್ಮೆ ವಿಚಾರಿಸಿರಿ.

ಇನ್ನೊಂದು ಮಾತು. ಕೆಲಸ ಹೋದರೆ ಅವತ್ತೇ ಮನೆಯಲ್ಲಿ ಹೇಳಿರಿ. ದಿನಾ ಡಬ್ಬಿ ಕಟ್ಟಿಕೊಡುವವರಿಗೆ ನೀವು ಅದನ್ನು ಎಲ್ಲಿ ಕೂತು ಉಣ್ಣುತ್ತೀರಿ ಎಂಬುದು ಗೊತ್ತಿರಲಿ.