ಅಂಚಿನವರೆಗೆ ತುಂಬಿದ ಬಟ್ಟಲು

ನನಗೆ ಖಿನ್ನತೆ ಬಂದದ್ದರಿಂದ ಬೆಟ್ಟಗಳ ನಡುವಿನ ನಮ್ಮ ನಾರಿನ್ ಪಟ್ಟಣಕ್ಕೆ ಬಹಳ ಉಪಕಾರವಾಯಿತು. ಆ ಚಳಿಗಾಲ ಹೊತ್ತು ಹೋಗದೆ ಕೂತಿದ್ದ ಹೆಂಗಸರಿಗೆಲ್ಲ ಹೋಗಿ ಕೂರಲು ಒಂದು ಮನೆ ಸಿಕ್ಕಿತು.

ಡಾಕ್ಟರ್ ಸಲಿಮಾ ಎಜೆ, ಅಂದರೆ ಸಲಿಮಾ ಅಕ್ಕ, ಹೇಳಿದ್ದು ಇಷ್ಟೇ. "ದಿನಾ ಬೆಳಿಗ್ಗೆ ಒಂದು ಮಾತ್ರೆ, ತಪ್ಪಿಸ್ಬೇಡ. ಮಧ್ಯಾಹ್ನ ಒಂದು ಗಂಟೆ ನದಿ ದಂಡೇಲಿ ನಡಿ. ಜೊತೆಗೆ ಧೂಪನೋ, ಮಾಲೀಶೋ, ಮನಸ್ಸಿಗೆ ಹಿತ ಅನ್ಸಿದ್ದು ಏನ್ ಬೇಕಾದ್ರೂ ಮಾಡ್ಕೋ. ಜೊತೆಗೆ ಅಂದೆ, ಬದಲಿಗೆ ಅಲ್ಲ."

ಇದನ್ನು ಅಕ್ಷರ ಬಿಡದೆ ಅತ್ತೆಗೆ ಒಪ್ಪಿಸಿದೆ. ಅವರನ್ನು ನಾನು ಅಪಾ ಎನ್ನುತ್ತೇನೆ. ಅಪಾ ಕಿವಿಗೆ ಬಿದ್ದದ್ದು 'ಏನ್ ಬೇಕಾದ್ರೂ' ಎಂಬ ಭಾಗ ಮಾತ್ರ.

ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಬೆಟ್ಟದ ಅರ್ಚಾ ಮರದ ಸೊಪ್ಪು ಸುಟ್ಟು, ಪೀಡೆ ತೊಲಗಲೆಂದು "ಅಲಾಸ್, ಅಲಾಸ್" ಎನ್ನುತ್ತ ನನ್ನ ತಲೆಯ ಸುತ್ತ ಹೊಗೆ. ಒಂದು ದಿನ ಆಗಷ್ಟೇ ಸುಲಿದ ಕುರಿಯ ಚರ್ಮದಲ್ಲಿ ನನ್ನನ್ನು ಸುತ್ತಿ ಮಲಗಿಸಿದರು. ಕುರಿಗೂ ನನಗೂ ಆ ಹೊತ್ತಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಆಮೇಲೆ ನಾಟಿ ವೈದ್ಯೆ ಬಾತ್ಮಕಾನ್ ಬಂದು ನನ್ನ ತಲೆಯ ಮೇಲೆ ನೀರಿನ ಬೋಗುಣಿ ಹಿಡಿಸಿ, ಅದಕ್ಕೆ ಕರಗಿಸಿದ ಸೀಸ ಹೊಯ್ದಳು. ರೋಗಿ ಯಾವುದಕ್ಕೆ ಹೆದರಿದ್ದಾಳೋ ಅದರ ಆಕಾರ ಸೀಸದಲ್ಲಿ ಮೂಡುತ್ತದಂತೆ. ನೀರಲ್ಲಿ ಗಟ್ಟಿಯಾದ ತುಂಡಿನಲ್ಲಿ ಅವಳಿಗೆ ನನ್ನನ್ನು ಹೆದರಿಸಿದ ಕುದುರೆ ಕಂಡಿತು. ಅಪಾಗೆ ನನ್ನ ಗಂಡನ ಲಾರಿ ಕಂಡಿತು. ನನಗೆ ಸೀಸ ಕಂಡಿತು.

ಸುಳ್ಳು ಹೇಳಬಾರದು, ಕೆಲವು ಹಿತವಾಗಿಯೇ ಇದ್ದವು. ಅರ್ಚಾ ಹೊಗೆಗೆ ಉಸಿರು ಆಳಕ್ಕೆ ಇಳಿಯುತ್ತಿತ್ತು. ಬಾತ್ಮಕಾನ್ ಕುರಿಯ ಬಾಲದ ಕೊಬ್ಬು ಹಚ್ಚಿ ಬೆನ್ನು ನೀವಿದ ದಿನ, ತಿಂಗಳುಗಟ್ಟಲೆ ಬಾರದಿದ್ದ ಅಳು ಬಂತು, ಅದರ ಹಿಂದೆಯೇ ನಿದ್ದೆಯೂ ಬಂತು.

ತೊಂದರೆಯಾದದ್ದು ಚಹಾದಿಂದ. ರೋಗಿಯನ್ನು ನೋಡಲು ಬಂದವರಿಗೆ ಚಹಾ ಕೊಡಬೇಕು, ಚಹಾ ಬಗ್ಗಿಸುವುದು ಸೊಸೆಯ ಕೆಲಸ, ಆ ಮನೆಗೆ ಇರುವ ಒಬ್ಬಳೇ ಸೊಸೆ ನಾನು. ಅದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ನಮ್ಮಲ್ಲಿ ಬಟ್ಟಲಿಗೆ ಅರ್ಧ ಚಹಾ ಹಾಕಿದರೆ ಮರ್ಯಾದೆ, ಖಾಲಿಯಾದ ಹಾಗೆ ಮತ್ತೆ ಅರ್ಧ, ಮತ್ತೆ ಅರ್ಧ. ಅಂಚಿನವರೆಗೆ ತುಂಬಿಸಿದರೆ 'ಕುಡಿದು ಎದ್ದು ಹೊರಡಿ' ಎಂದರ್ಥ. ಹೀಗೆ ನನ್ನ ನಡಿಗೆಯ ಗಂಟೆಯೆಲ್ಲ ಚಹಾಕ್ಕೆ ನೀರು ಕಾಯುವ ಹಂಡೆ, ಸಮೋವರಿನ ಪಕ್ಕದಲ್ಲೇ ಕಳೆಯಿತು. ಮೇಲಿನ ಬೀದಿಯ ಹೆಂಗಸೊಬ್ಬಳು ನನ್ನ ಕೈಯಿಂದಲೇ ಬಟ್ಟಲು ತೆಗೆದುಕೊಂಡು, "ರೋಗಿ ಎಲ್ಲಮ್ಮಾ?" ಎಂದಳು.

"ಬರ್ತಾಳೆ, ಚಹಾ ಕೊಡ್ತಿದಾಳೆ" ಎಂದೆ.

ಅಷ್ಟರಲ್ಲಿ ಬಾತ್ಮಕಾನ್ ಹೊಸ ವರಾತ ತೆಗೆದಳು. "ನನ್ನ ಸೀಸ, ಆ ಮಾತ್ರೆ, ಎರಡೂ ಒಂದೇ ಮೈಯಲ್ಲಿ ಕೂರಲ್ಲ. ನಲವತ್ತು ದಿನ ಆ ಡಬ್ಬಿ ಎತ್ತಿಡಿ."

ಅಪಾ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಕಲ್ಲಿದ್ದಲು ಸಾಗಿಸಲು ಹೋಗಿದ್ದ ಗಂಡನಿಗೆ ಫೋನು ಮಾಡಿದೆ. "ಅಪಾನೇ ಹೇಳಿದ್ಮೇಲೆ ಮುಗೀತಲ್ಲ, ಬುರುಲ್" ಎಂದು ಇಟ್ಟ. ಸೊಸೆ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ಸಮೋವರಿಗೆ ನೀರು ತುಂಬಿಸಿದೆ.

ಮೂರನೆಯ ದಿನಕ್ಕೆ ತಲೆ ತಿರುಗತೊಡಗಿತು, ಕೈ ನಡುಗತೊಡಗಿತು. ಆರನೆಯ ದಿನ ಅಡುಗೆಮನೆಯ ಕಿಟಕಿಯಿಂದ ನದಿ ನೋಡಿದಾಗ ನನಗೆ ನಡಿಗೆ ನೆನಪಾಗಲಿಲ್ಲ. ಬೇರೇನೋ ಯೋಚನೆ ಬಂತು. ನನಗೆ ನನ್ನನ್ನು ಕಂಡೇ ಭಯವಾಯಿತು.

ಅವತ್ತು ಮಧ್ಯಾಹ್ನ ಏಳು ಜನ ಬಂದಿದ್ದರು. ಬಾತ್ಮಕಾನ್ ಹಿರಿಯರ ಜಾಗದಲ್ಲಿ ಕೂತು, "ಮುಖದಲ್ಲಿ ಎಷ್ಟು ಕಳೆ ಬಂದಿದೆ ನೋಡಿ" ಎಂದು ನನ್ನನ್ನು ತೋರಿಸುತ್ತಿದ್ದಳು. ನಾನು ಅವಳ ಬಟ್ಟಲಿಗೆ ಚಹಾ ಬಗ್ಗಿಸಿದೆ. ಅರ್ಧಕ್ಕೆ ಕೈ ನಿಲ್ಲಲಿಲ್ಲ. ಚಹಾ ಅಂಚಿಗೆ ಬಂದು ಹಾಸಿನ ಮೇಲೆ ತೊಟ್ಟಿಕ್ಕಿತು. ಕೈ ನಡುಗಿತೋ, ನಾನೇ ನಡುಗಿಸಿದೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಹಾಗೆಯೇ ಅವಳ ಕೈಗಿತ್ತೆ.

ಕರಿದ ಹಿಟ್ಟಿನ ಬೊರ್ಸೋಕ್ ಜಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

"ಏನೇ ಇದು?" ಎಂದಳು ಬಾತ್ಮಕಾನ್.

ನಾನು ಅಪಾ ಕಡೆ ತಿರುಗಿದೆ. "ಅಪಾ, ನನ್ನ ಮಾತ್ರೆ ಕೊಟ್ಬಿಡಿ. ನದಿ ನೋಡಿದ್ರೆ ನಂಗೆ ಹೆದರಿಕೆ ಆಗುತ್ತೆ."

ಅಪಾ ನನ್ನ ಕೈ ನೋಡಿದರು, ಕಿಟಕಿ ನೋಡಿದರು. ನನಗೆ ಮಂಗಳಾರತಿ ಖಾತ್ರಿ ಎಂದುಕೊಂಡು ತಲೆ ತಗ್ಗಿಸಿದೆ. ಅವರು ತಿರುಗಿದ್ದು ಬಾತ್ಮಕಾನ್ ಕಡೆಗೆ.

"ತುಂಬಿಸಿ ಕೊಟ್ಟಿದಾಳಲ್ಲ ಬಾತ್ಮಕಾನ್," ಎಂದರು ಮೆಲ್ಲಗೆ, "ಕುಡೀರಿ."

ಬಾತ್ಮಕಾನ್ ಕುಡಿಯದೆಯೇ ಎದ್ದಳು. ಅವಳ ಹಿಂದೆ ಉಳಿದ ಆರೂ ಜನ ಎದ್ದರು. ಒಬ್ಬಳು ಹೋಗುವಾಗ ಬೊರ್ಸೋಕನ್ನು ಜೇಬಿಗೆ ಹಾಕಿಕೊಂಡಳು, ರೋಗಿಯ ಮನೆಯದು ವ್ಯರ್ಥವಾಗಬಾರದಲ್ಲ.

ಅಪಾ ಪೆಟ್ಟಿಗೆ ತೆರೆದು ಡಬ್ಬಿ ತಂದರು. ಆಮೇಲೆ ಸಮೋವರಿನ ಪಕ್ಕ, ನನ್ನ ಜಾಗದಲ್ಲಿ ಕೂತರು. ನಾನು ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಅವರು ಅಲ್ಲಿ ಕೂತದ್ದನ್ನು ಕಂಡಿರಲಿಲ್ಲ. ಒಂದು ಬಟ್ಟಲಿಗೆ ಚಹಾ ಬಗ್ಗಿಸಿ, ಎಡಗೈಯನ್ನು ಬಲಮೊಣಕೈಗೆ ತಾಗಿಸಿ, ಹಿರಿಯರಿಗೆ ಕೊಡುವ ಹಾಗೆ ನನಗೆ ಕೊಟ್ಟರು. ಸರಿಯಾಗಿ ಅರ್ಧ ಬಟ್ಟಲು. ನನಗೆ ಅಳು ತಡೆಯಲಾಗಲಿಲ್ಲ.

"ಮಾತ್ರೆ ನುಂಗು. ನಾಳೆ ಸಲಿಮಾ ಹತ್ರ ಹೋಗೋಣ, ನಾನೇ ತಪ್ಪು ಒಪ್ಕೋತೀನಿ. ಈಗ ಎದ್ದು ನಡಿಯೋಕೆ ಹೋಗು."

ದಂಡೆಯ ಮೇಲೆ ನೂರು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಹೊಗೆಯ ವಾಸನೆ ಬಂತು. ತಿರುಗಿ ನೋಡಿದರೆ ಅಪಾ. ಒಂದು ಕೈಯಲ್ಲಿ ಅರ್ಚಾ ಹೊಗೆಯಾಡುವ ಬಾಣಲೆ, ಇನ್ನೊಂದು ಕೈಯಲ್ಲಿ ಊರುಗೋಲು, ನದಿಗೂ ನನಗೂ ನಡುವೆ ಬರಲು ಏದುಸಿರು ಬಿಡುತ್ತ ಬರುತ್ತಿದ್ದರು.

"ಏನ್ ನೋಡ್ತೀಯಾ, ನಡಿ" ಎಂದರು. "ಡಾಕ್ಟ್ರು ಜೊತೆಗೆ ಅಂದಿದ್ರಲ್ಲ."